ಟೆಸ್ಟಿಂಗ್ ಅಲ್ಲ

ತೊಂಬತ್ತೆಂಟರಲ್ಲಿ ಭದ್ರಾವತಿಯ ಒಂದು ಕಾರ್ಖಾನೆಗೆ ಹೊಸ ಫೋನ್ ಹಾಕಲು ಶಿವಮೊಗ್ಗದಿಂದ ಹೋಗಿದ್ದೆ. ಒಳಗಿನ ಯಾವ ಫೋನಿನಿಂದ ಒಂಬತ್ತು ಒತ್ತಿದರೂ ಆಪರೇಟರ್ ಮೇಜಿನ ಕೆಂಪು ಫೋನ್ ರಿಂಗಾಗಬೇಕು, ಅವರು ಆಂಬುಲೆನ್ಸ್ ಕಳಿಸಬೇಕು. ಹಾಕಿದ ಒಂದೊಂದೇ ಫೋನಿನಿಂದ ಒಂಬತ್ತು ಒತ್ತಿ ಆ ದಿನ ಟೆಸ್ಟಿಂಗ್ ಮಾಡುತ್ತಿದ್ದೆ.

ಆಪರೇಟರ್ ಹೂವಮ್ಮ. ಹಿಂದಿನ ವರ್ಷ ಇಂಥದೇ ಟೆಸ್ಟಿಂಗ್ ದಿನ ಫರ್ನೇಸ್ ಪಕ್ಕದ ನಲವತ್ತೇಳನೇ ನಂಬರಿನಿಂದ ಅಲ್ಲಿನ ಕೆಲಸಗಾರ ಕರಿಯಪ್ಪ ಫೋನ್ ಮಾಡಿದ್ದ. ಇವರು "ಓಕೆ, ಟೆಸ್ಟಿಂಗ್" ಅಂದು ಇಟ್ಟುಬಿಟ್ಟರು. ಅವನು ಸುಟ್ಟು ಸತ್ತ. ಆಮೇಲೆ ಅಲ್ಲಿನ ಫೋನನ್ನೇ ಕಿತ್ತುಹಾಕಿದ್ದರು.

ಮಧ್ಯಾಹ್ನ ಆಕೆಯ ಎದುರು ಕೂತು, "ನಲವತ್ತೇಳು ಒಂದೇ ಬಾಕಿ ಅಕ್ಕ" ಅಂದೆ. ಅದರ ಹೊಸ ಫೋನ್ ಡಬ್ಬಿಯಲ್ಲೇ ನನ್ನ ತೊಡೆಯ ಮೇಲಿತ್ತು.

"ಅದನ್ನ ನಾಳೆ ಹಾಕು ಮಾರಾಯ" ಅಂದರು.

ಆಗಲೇ ಕೆಂಪು ಫೋನ್ ಬಡಿದುಕೊಂಡಿತು. ಅದರ ಮೇಲೆ ನಲವತ್ತೇಳು ಅಂತ ಮೂಡಿತ್ತು. ರಿಸೀವರ್ ಎತ್ತಿದೆ, ಕೈ ಚುರ್ರೆಂದಿತು, ಬಿಟ್ಟೆ. ಮೇಜಿನ ಮೇಲೆ ಬಿದ್ದಲ್ಲಿಂದಲೇ ದನಿ ಕೇಳಿಸಿತು: "ಅಕ್ಕಾ, ಇದು ಟೆಸ್ಟಿಂಗ್ ಅಲ್ಲ."

ಹೂವಮ್ಮ ಸೆರಗು ಸುತ್ತಿ ರಿಸೀವರ್ ಹಿಡಿದರು. "ಹೇಳು ಕರಿಯಪ್ಪ, ಈ ಸಲ ಇಡಲ್ಲ." ಇನ್ನೊಂದು ಫೋನಿನಲ್ಲಿ ಹೇಳಿ ಫರ್ನೇಸಿಗೆ ಆಂಬುಲೆನ್ಸ್ ಕಳಿಸಿದರು.

ಫರ್ನೇಸ್ ಹತ್ತಿರ ಯಾರೂ ಇರಲಿಲ್ಲವೆಂದು ಡ್ರೈವರ್ ಬೈದುಕೊಂಡೇ ವಾಪಸ್ ಬಂದ. ಖಾಲಿ ಸ್ಟ್ರೆಚರನ್ನು ನಾನೇ ಮುಟ್ಟಿ ನೋಡಿದೆ. ಮಧ್ಯದಲ್ಲಿ ಒಬ್ಬ ಮಲಗಿ ಎದ್ದಷ್ಟು ಉದ್ದಕ್ಕೆ ಮಾತ್ರ ಬಿಸಿಯಿತ್ತು.