ಪೀಣ್ಯದಲ್ಲಿ ತೂತಾದ ಪಿಸ್ಟನ್

ಎಂಜಿನ್ನಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿದ ಚಿರಂಜೀವಿ ಪರದೆಗೆ ಕಣ್ಣಿಟ್ಟ. ಮೂರನೇ ಪಿಸ್ಟನ್ನಿನ ನಡುವೆ ಕಡಲೆಕಾಳಿನಷ್ಟು ತೂತು! ಅಂಚೆಲ್ಲ ಕರಗಿಹೋಗಿತ್ತು.

ಆ ಕಾರು ಅವನ ಬಾಡಿಗೆ ಶೆಡ್ಡಿನ ಮಾಲೀಕ ಚಿಕ್ಕಬೈರಪ್ಪನವರ ಮಗ ಸಿದ್ಧಾರ್ಥನದು. ಎರಡು ತಿಂಗಳ ಹಿಂದೆ ಅದನ್ನು ರೀಮ್ಯಾಪ್ ಮಾಡಿದವನು ಇದೇ ಚಿರಂಜೀವಿ — ಎಂಜಿನ್ನನ್ನು ಆಳುವ ಕಂಪ್ಯೂಟರಿನ ಲೆಕ್ಕ ತಿದ್ದಿ ಎಳೆತ ಹೆಚ್ಚಿಸಿ ಕೊಟ್ಟಿದ್ದ. ನಿನ್ನೆ ತುಮಕೂರು ರಸ್ತೆಯಲ್ಲಿ ಕರಿಹೊಗೆ ಕಾರಿ ಅದು ನಿಂತುಬಿಟ್ಟಿತ್ತು.

“ಸಂಜೆಯೊಳ್ಗೆ ಶೆಡ್ಡು ಖಾಲಿ ಮಾಡ್ಲಾ,” ಎಂದು ಚಿಕ್ಕಬೈರಪ್ಪ ಗುಡುಗಿದರು. “ಇಂಗೆ ನಮ್ ಹುಡ್ಗನ್ ಪ್ರಾಣಾನೇ ಹೋಗಿದ್ರೆ?”

ಒಂಬತ್ತು ವರ್ಷ ಬೆವರು ಸುರಿಸಿ ಕಟ್ಟಿದ ಅಂಗಡಿ! ಚಿರಂಜೀವಿಗೆ ಬೇರೆ ಕೆಲಸವೂ ಗೊತ್ತಿರಲಿಲ್ಲ.

“ಶಶಿಕಲಾ ಮೇಡಂ ಬಂದು ನೋಡ್ಲಿ ಯಜಮಾನ್ರೇ. ನಂದೇ ತಪ್ಪು ಅಂದ್ರೆ ನಾನೇ ಶಟರ್ ಎಳೀತೀನಿ.”

ಮೂವತ್ತು ವರ್ಷ ಚಿರಂಜೀವಿಯಂಥ ಹುಡುಗರಿಗೆ ಎಂಜಿನ್ ಪಾಠ ಹೇಳಿ ನಿವೃತ್ತರಾದವರು ಶಶಿಕಲಾ. ಮುಲಾಜಿಲ್ಲದ ಹೆಂಗಸು. ಚಿಕ್ಕಬೈರಪ್ಪ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು.

ಅರ್ಧ ಗಂಟೆಯಲ್ಲಿ ಬಂದ ಶಶಿಕಲಾ ಮೊದಲು ಲ್ಯಾಪ್‌ಟಾಪ್ ಸಿಕ್ಕಿಸಿ ಕಾರಿನ ಕಂಪ್ಯೂಟರನ್ನು ಓದಿದರು.

“ಡೀಸೆಲ್ ಎಷ್ಟು ಏರಿಸಿದ್ದೆ?”

“ಸ್ವಲ್ಪಾನೇ ಮೇಡಂ. ಫ್ಲೈಓವರ್ ಹತ್ತುವಾಗ ಒದ್ದಾಡ್ಬಾರ್ದು, ಮೈಲೇಜೂ ಬರ್ಬೇಕು ಅಂತ ಸಿದ್ಧಾರ್ಥ್ ಅವರೇ ಅಂದ್ರು.”

“ಕಾರಲ್ಲಿರೋ ಲೆಕ್ಕವೂ ನೀನು ಹೇಳಿದ ಹಾಗೇ ಇದೆ. ಇದೊಂದರಿಂದ ಪಿಸ್ಟನ್ ಕರಗಲ್ಲ.”

“ಕರಗಿದೆಯಲ್ಲ!” ಅಪ್ಪನ ಪಕ್ಕ ನಿಂತಿದ್ದ ಸಿದ್ಧಾರ್ಥ್ ಸಿಡುಕಿದ.

ಶಶಿಕಲಾ ಟಾರ್ಚ್ ಹಿಡಿದು ಎಂಜಿನ್ನಿನ ಮೇಲೆ ಬಾಗಿದರು. ಬ್ಯಾಟರಿ, ಮುಚ್ಚಳ, ವೈರುಗಳ ಪ್ಲಗ್ಗು — ಎಲ್ಲದರ ಮೇಲೂ ಒಣಗಿದ ಕುಂಕುಮದ ಬೊಟ್ಟು.

“ಆಯುಧಪೂಜೆ ಯಾರು ಮಾಡಿದ್ದು?”

“ಅಮ್ಮ,” ಎಂದ ಸಿದ್ಧಾರ್ಥ್. “ಹೋದ್ ವಾರ. ನೀರಲ್ಲಿ ಕಲಸಿ ಕಂಡಕಂಡಲ್ಲೆಲ್ಲ ಇಟ್ಬಿಟ್ರು.”

“ಆಮೇಲೆ ಬಾನೆಟ್ ಯಾರಾದ್ರೂ ತೆಗೆದ್ರಾ? ವಾಶು? ಸರ್ವೀಸು?”

“ಯಾರೂ ಇಲ್ಲ. ಕೀ ನನ್ ಜೇಬು ಬಿಟ್ಟೇ ಇಲ್ಲ.”

“ಚಿರಂಜೀವಿ, ನೀನು ಯಾವ ವೈರ್ ಬಿಚ್ಚಿದೆ?”

“ಒಂದೂ ಇಲ್ಲ ಮೇಡಂ. ಕ್ಯಾಮೆರಾ ಬಿಡೋಕೆ ಎಂಜಿನ್ ಮೇಲಿನ ಒಂದು ಬಿರಡೆ ಮಾತ್ರ ತೆಗ್ದಿದ್ದು.”

ಶಶಿಕಲಾ ಒಂದು ಪ್ಲಗ್ಗಿನ ಮೇಲೆ ಬೆರಳಿಟ್ಟರು. ಡೀಸೆಲಿನ ಒತ್ತಡ ಅಳೆಯುವ ಸೆನ್ಸರಿನ ಪ್ಲಗ್ಗು ಅದು. ಉಳಿದ ಪ್ಲಗ್ಗುಗಳಲ್ಲಿ ಕುಂಕುಮ ಕೂಡುಗೆರೆಯ ಮೇಲೆ ಅಖಂಡವಾಗಿ ಅಂಟಿತ್ತು. ಇದರಲ್ಲಿ ಮಾತ್ರ ಸೀಳಿತ್ತು. ಅವರು ಪ್ಲಗ್ಗನ್ನು ಮೆಲ್ಲಗೆ ಎಳೆದರು.

“ಎಲ್ಲರೂ ನೋಡಿ. ಒಳಗಿನ ಪಿನ್ನುಗಳ ಮೇಲೆ ಏನಿದೆ?”

ಕೆಂಪು ಪುಡಿ!

“ಹೊರಗೆ ಇಟ್ಟ ಕುಂಕುಮ ಒಳಗೆ ಹೋಗಬೇಕಾದ್ರೆ, ಪೂಜೆ ಆದ್ಮೇಲೆ ಇದನ್ನ ಕಿತ್ತು ಮತ್ತೆ ಸಿಕ್ಕಿಸಿರ್ಬೇಕು. ಇಲ್ಲಿಗೇ ಅಲ್ವಾ ಎಳೆತ ಏರಿಸೋಕೆ ಪವರ್ ಬಾಕ್ಸ್ ಅಂತ ಮಾರ್ತಾರಲ್ಲ, ಅದನ್ನ ಹಾಕೋದು? ಒತ್ತಡ ಕಮ್ಮಿ ಇದೆ ಅಂತ ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತೆ. ಕಂಪ್ಯೂಟರ್ ಒತ್ತಡ ಏರಿಸುತ್ತೆ, ಡೀಸೆಲ್ ಇನ್ನೂ ಸುರಿಯುತ್ತೆ. ರೀಮ್ಯಾಪ್ ಆದ ಎಂಜಿನ್ನಿಗೆ ಅದು ಯಮಪಾಶ. ಕಾರು ಕೈಕೊಟ್ಟ ಮೇಲೆ ಬಾಕ್ಸ್ ಕಿತ್ತು ಬಚ್ಚಿಟ್ರಿ. ಕೀ ನಿಮ್ಮ ಜೇಬು ಬಿಟ್ಟಿಲ್ಲ ಅಂದ್ರಲ್ಲ ಸಿದ್ಧಾರ್ಥ್, ಇನ್ಯಾರು ಕಿತ್ತಿರ್ತಾರೆ?”

ಸಿದ್ಧಾರ್ಥ್ ಒಪ್ಪಿಕೊಂಡ. “ವೈಟ್‌ಫೀಲ್ಡ್ ಫ್ರೆಂಡ್ಸ್ ಜೊತೆ ರೇಸ್ ಇತ್ತು... ಆನ್‌ಲೈನಲ್ಲಿ ತರಿಸ್ದೆ. ಅಪ್ಪಂಗೆ ಹೇಳೋಕೆ ಭಯ ಆಯ್ತು.”

ಶಶಿಕಲಾ ಶಿಷ್ಯನತ್ತ ತಿರುಗಿದರು. “ನೀನೂ ಬೀಗಬೇಡ. ಎಂಜಿನ್ ತಡ್ಕೊಳ್ಳಲಿ ಅಂತ ಕಂಪನಿಯೋರು ಒಂದಿಷ್ಟು ಬಲ ಮೀಸಲು ಇಟ್ಟಿರ್ತಾರಲ್ಲ, ಅದರಲ್ಲಿ ಒಂದು ಪಾಲು ನೀನು ಬಳಸ್ಕೊಂಡೆ. ಅದನ್ನ ಗಿರಾಕಿಗೆ ಹೇಳಿದ್ಯಾ?”

“ಎಳೆತ ಸಿಗುತ್ತೆ ಅಂದೆ ಮೇಡಂ. ಇದನ್ನ ಹೇಳ್ಲಿಲ್ಲ.” ಚಿರಂಜೀವಿಗೆ ನಾಚಿಕೆಯಾಯಿತು.

ಚಿಕ್ಕಬೈರಪ್ಪ ಮಗನನ್ನೇ ದಿಟ್ಟಿಸುತ್ತಿದ್ದರು.

“ಇಂಜಿನ್ ಹೋದ್ರೆ ಹೋಗ್ಲಿ. ಒಬ್ಬನ ಹೊಟ್ಟೆ ಮ್ಯಾಲೆ ನನ್ ಕೈಯಾಗೇ ಹೊಡೆಸ್ತಿದ್ಯಲ್ಲೋ!”