ಒಂದೂವರೆ ಸೆಕೆಂಡಿನ ಮೌನ

ಬಾಗಿಲು ತೆರೆದ ಸದ್ದಿಗೇ ಆ ಕೋಶ ಕೈತಪ್ಪಿತು.

ಚಿಹಾರು ಬಾಯಲ್ಲಿ ಕಚ್ಚಿದ್ದ ರಬ್ಬರ್ ಕೊಳವೆಯನ್ನು ಬಿಡದೆ ಕಣ್ಣು ಮುಚ್ಚಿಕೊಂಡಳು. ಇಲಿಯ ಮಿದುಳಿನ ತೆಳು ಹೋಳು, ಅದರಲ್ಲೊಂದು ನರಕೋಶ, ಅದರ ಮೈಗೆ ತಾಗಿದ ಗಾಜಿನ ಸೂಜಿ. ಕೊಳವೆಯಿಂದ ಮೆಲ್ಲಗೆ ಉಸಿರೆಳೆದರೆ ಕೋಶ ಸೂಜಿಯ ತುದಿಗೆ ಅಂಟಿಕೊಳ್ಳಬೇಕು. ಅರ್ಧ ಉಸಿರು ಎಳೆದಿದ್ದಳು, ಅಷ್ಟೇ...

ಬಾಗಿಲಲ್ಲಿ ಎತ್ತರದ ಯುವಕನೊಬ್ಬ ನಿಂತಿದ್ದ. ಕೈಯಲ್ಲಿ ಊರಿನಿಂದ ತಂದ ಸಿಹಿಯ ಡಬ್ಬಿ.

"ಹೊರಗಡೆ ಕೆಂಪು ಚೀಟಿ ಅಂಟಿಸಿದ್ದೆ. ಕಾಣಿಸ್ಲಿಲ್ವಾ?"

ಅವನು ಚೀಟಿಯನ್ನು ನೋಡಿದ, ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಮಾತು ಹೊರಡುವಷ್ಟರಲ್ಲಿ ಅವಳು ಮೈಕ್ರೋಸ್ಕೋಪಿನ ಕಡೆ ತಿರುಗಿಯಾಗಿತ್ತು.

ಜಪಾನಿನ ಕನಜಾವಾ ನಗರದ ಆ ಪ್ರಯೋಗಾಲಯಕ್ಕೆ ಏಪ್ರಿಲ್‌ನಲ್ಲಿ ಹೊಸದಾಗಿ ಬಂದ ಇಸೋಬೆಯ ಪರಿಚಯ ಚಿಹಾರುಗೆ ಆದದ್ದು ಹೀಗೆ.

ಮುಂದಿನ ವಾರ ಯಾರೋ ಆ ಬಾಗಿಲಿನ ಚೌಕಟ್ಟಿಗೆ ದಪ್ಪ ಉಣ್ಣೆಬಟ್ಟೆಯ ಪಟ್ಟಿ ಅಂಟಿಸಿದ್ದರು. ಆಮೇಲೆ ಬಾಗಿಲು ಸದ್ದೇ ಮಾಡಲಿಲ್ಲ. ಕಚೇರಿಯವರ ಕೆಲಸವಿರಬೇಕೆಂದು ಅವಳು ಸುಮ್ಮನಾದಳು.

ಇಸೋಬೆ ಗೋಡೆಯಾಚೆಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಏನು ಕೇಳಿದರೂ ಉತ್ತರಕ್ಕೆ ಮೊದಲು ಒಂದು ಮೌನ. "ಅವನನ್ನ ಮಾತಾಡ್ಸಿ ಬಂದ್ರೆ ಒಲೆ ಮೇಲಿಟ್ಟ ಅನ್ನ ಬೆಂದಿರುತ್ತಮ್ಮ" ಎಂದು ಇಲಿಗಳನ್ನು ನೋಡಿಕೊಳ್ಳುವ ಓಯಾಬು-ಸಾನ್ ನಗುತ್ತಿದ್ದರು. ಚಿಹಾರುಗೆ ಅಷ್ಟು ತಾಳ್ಮೆ ಇರಲಿಲ್ಲ. ಕೇಳುತ್ತಿದ್ದಳು, ಅರೆಕ್ಷಣ ನೋಡುತ್ತಿದ್ದಳು, ಹೊರಟುಬಿಡುತ್ತಿದ್ದಳು.

ಅವಳಿಗೆ ಅವಳದೇ ಸಂಕಟವಿತ್ತು. ಹಿಡಿದ ಕೋಶಗಳಲ್ಲಿ ಅರ್ಧದಷ್ಟು ಸತ್ತವೇ ಆಗಿರುತ್ತಿದ್ದವು. ಅರ್ಧ ಸೆಕೆಂಡು ವಿದ್ಯುತ್ ಕೊಟ್ಟಾಗ ಬದುಕಿರುವ ಕೋಶ ಮಿಡಿಯಬೇಕು. ಮಿಡಿಯದಿದ್ದರೆ ಪುಸ್ತಕದಲ್ಲಿ ಒಂದು ಅಡ್ಡಗೀಟು ಎಳೆದು ಮುಂದಿನದಕ್ಕೆ ಹೋಗುತ್ತಿದ್ದಳು. ಹಾಗೆಯೇ ಅವಳಿಗೆ ಕಲಿಸಿಕೊಟ್ಟಿದ್ದರು. ಅಕ್ಟೋಬರ್ ಬಂದಾಗ ಪ್ರೊಫೆಸರ್ ಕುರಾಹಾಶಿ ಅವಳನ್ನು ಕರೆದು, ಬೇಸರದಿಂದಲೇ, ಈ ತಿಂಗಳ ಕೊನೆಯವರೆಗೆ ನೋಡೋಣ ಎಂದರು. ಅಷ್ಟರಲ್ಲಿ ಸರಿಹೋಗದಿದ್ದರೆ ಅವಳ ಮೂರು ವರ್ಷದ ಕೆಲಸ ಇಸೋಬೆಯ ಕೈಗೆ ಹೋಗುತ್ತದೆ.

ನನ್ನ ಕೈಯೇ ಸರಿಯಿಲ್ಲವೇನೋ... ಹಸ್ತವನ್ನು ನೋಡಿಕೊಂಡೇ ಅವಳು ಹೊರಬಂದಳು.

ನಾಲ್ಕು ದಿನದ ನಂತರ, ಮಂಗಳವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ ಇಸೋಬೆಯ ನೋಟ್‌ಪುಸ್ತಕ ತೆರೆದೇ ಬಿದ್ದಿತ್ತು. ಅದರಲ್ಲಿದ್ದದ್ದು ಅವಳ ಕೋಶಗಳ ಸಂಖ್ಯೆಗಳು. ಅದೂ ಅಡ್ಡಗೀಟು ಎಳೆದು ಬಿಟ್ಟವು. ಇನ್ನೂರ ಹನ್ನೊಂದರ ಸಾಲು ಸಾಲು ಪಟ್ಟಿ.

ಕೆಲಸ ಇನ್ನೂ ಇವನ ಕೈಗೆ ಸಿಕ್ಕಿಲ್ಲ, ಆಗಲೇ ನನ್ನ ತಪ್ಪುಗಳ ಲೆಕ್ಕ ಹಾಕುತ್ತಿದ್ದಾನೆ!

ಅವನು ಚಹಾ ಲೋಟ ಹಿಡಿದು ಬಂದಾಗ ಅವಳು ಪುಸ್ತಕವನ್ನು ಅವನ ಮುಂದೆ ಹಿಡಿದಳು.

"ನಾನು ಬಿಸಾಕಿದ್ದನ್ನ ಕೆದಕ್ತಾ ಇದ್ದೀರಾ, ಇಸೋಬೆ-ಸಾನ್? ಯಾಕೆ?"

ಅವನ ಮುಖ ಕೆಂಪೇರಿತು. ತುಟಿ ಅಲುಗಿತು. ಮೌನ.

"ಗೊತ್ತಾಯ್ತು ಬಿಡಿ."

ತನ್ನ ಕೋಣೆಗೆ ಹೋಗಿ ಬಾಗಿಲನ್ನು ಬಲವಾಗಿ ದೂಡಿದಳು. ಉಣ್ಣೆಪಟ್ಟಿಯಿಂದಾಗಿ ಸಿಟ್ಟಿಗೂ ಸದ್ದು ಬರಲಿಲ್ಲ. ಕೈಯಲ್ಲಿ ಅವನ ಪುಸ್ತಕ ಇನ್ನೂ ಇತ್ತು. ಅಳು ತಡೆದುಕೊಳ್ಳಲು ಹಾಳೆ ತಿರುವಿದಳು. ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನ ಒಂದೇ ಸಾಲು: "ಕಂಪ್ಯೂಟರಿನಲ್ಲಿ ಉಳಿದ ಗೆರೆಗಳು ಕೊನೆಯವರೆಗೂ ಏರುತ್ತಲೇ ಇವೆ, ಸತ್ತಿಲ್ಲ ಅನ್ನಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಕಾದು ನೋಡಬೇಕು."

ಮರುದಿನ ಬೆಳಗ್ಗೆ ಅವಳು ಒಂದು ಕೋಶ ಹಿಡಿದಳು. ಅರ್ಧ ಸೆಕೆಂಡು ಕಳೆಯಿತು. ಮಿಡಿಯಲಿಲ್ಲ. ಅಭ್ಯಾಸಬಲದಿಂದ ಕೈ ಪೆನ್ನಿನ ಕಡೆ ಹೋಯಿತು. ತಡೆದಳು. ಮತ್ತೆ ವಿದ್ಯುತ್ ಕೊಟ್ಟಳು, ಈ ಸಲ ಮೂರು ಸೆಕೆಂಡು. ಪರದೆಯ ಗೆರೆ ನಿಧಾನವಾಗಿ, ಯಾರೋ ಮೆಟ್ಟಿಲು ಹತ್ತುವ ಹಾಗೆ ಮೇಲೇರುತ್ತ ಹೋಯಿತು. ಒಂದು ಸೆಕೆಂಡು... ಒಂದೂವರೆ...

ಕೋಶ ಮಿಡಿಯಿತು. ಒಮ್ಮೆ. ಆಮೇಲೆ ನಿಲ್ಲದೆ.

ಕಪಾಟಿನಿಂದ ಹಸಿರು ಮಾಂಬಾ ಹಾವಿನ ವಿಷದ ಸಣ್ಣ ಶೀಶೆ ತಂದು ದ್ರಾವಣಕ್ಕೆ ಒಂದಿಷ್ಟು ಸೇರಿಸಿದಳು. ಈಗ ಅದೇ ಕೋಶ ತಡಮಾಡದೆ ಉತ್ತರಿಸಿತು.

ನರಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಸಣ್ಣ ಬಾಗಿಲುಗಳಿರುತ್ತವೆ. ಅವುಗಳಲ್ಲಿ ಹತ್ತಾರು ಬಗೆ. ಒಂದು ಬಗೆಯದು ಥಟ್ಟನೆ ತೆರೆದು ಬಲು ನಿಧಾನವಾಗಿ ಮುಚ್ಚುತ್ತದೆ. ಅಷ್ಟು ಹೊತ್ತೂ ಕೋಶದ ಮಾತನ್ನು ಒಳಗೇ ಹಿಡಿದಿಡುತ್ತದೆ. ಆ ವಿಷ ಆ ಬಾಗಿಲಿಗೇ ಬೀಗ ಹಾಕಿತ್ತು. ನೋಡಲು ಎಲ್ಲ ಕೋಶಗಳೂ ಒಂದೇ ಥರ. ಕೆಲವಕ್ಕೆ ಮಾತ್ರ ಈ ತಡ. ಚಿಹಾರುಗೆ ಇದೆಲ್ಲ ಗೊತ್ತಿಲ್ಲದ್ದಲ್ಲ, ಪರೀಕ್ಷೆಗೆ ಓದಿ ಬರೆದಿದ್ದಳು. ತಾನು ಗೀಟು ಎಳೆದದ್ದು ಜೀವವಿದ್ದ ಕೋಶಗಳ ಮೇಲೆ ಎಂದು ಮಾತ್ರ ತಿಳಿದಿರಲಿಲ್ಲ.

ಸಂಜೆಯೊಳಗೆ ಇನ್ನೂ ಮೂರು ಕೋಶಗಳು ಹಾಗೆಯೇ ತಡವಾಗಿ ಮಿಡಿದವು. ಪ್ರೊಫೆಸರ್ ಆ ಗೆರೆಗಳನ್ನು ಎರಡೆರಡು ಸಲ ನೋಡಿದರು. ಕೆಲಸ ಅವಳದೇ ಎಂದರು. ಕಳೆದ ವಾರ ಇಸೋಬೆ ತಮ್ಮ ಬಳಿಗೆ ಬಂದಿದ್ದನ್ನೂ ಆಗಲೇ ಹೇಳಿದರು. ಚಿಹಾರು-ಸಾನ್‌ರ ಕೆಲಸ ತನಗೆ ಬೇಡ, ಅವರ ಕೈಯಲ್ಲಿ ದೋಷವಿಲ್ಲ, ಮೈಕ್ರೋಸ್ಕೋಪ್ ಬಳಸಲು ತನಗೆ ಹಂಚಿದ ದಿನಗಳನ್ನೂ ಅವರಿಗೇ ಕೊಡಿ ಎಂದು ಬೇಡಿಕೊಂಡನಂತೆ.

"ಅಷ್ಟು ಹೇಳೋಕೆ ಅವನಿಗೆ ಹತ್ತು ನಿಮಿಷ ಹಿಡೀತು" ಎಂದು ಪ್ರೊಫೆಸರ್ ನಕ್ಕರು.

ಗುರುವಾರ ಪ್ರಾಣಿಗಳ ಸ್ಮರಣೆಯ ದಿನ. ವರ್ಷಕ್ಕೊಮ್ಮೆ ಪ್ರಯೋಗಗಳಿಗೆ ಜೀವ ಕೊಟ್ಟ ಇಲಿ, ಮೊಲಗಳ ಹೆಸರಿನಲ್ಲಿ ನೆಟ್ಟ ಕಲ್ಲಿನ ಮುಂದೆ ಎಲ್ಲರೂ ಸೇರುತ್ತಾರೆ. ಒಬ್ಬೊಬ್ಬರೂ ಒಂದೊಂದು ಬಿಳಿ ಸೇವಂತಿಗೆ ಇಟ್ಟು ಕೈಮುಗಿದರು. ಚಿಹಾರು ಕೈಮುಗಿದು ಹೆಚ್ಚು ಹೊತ್ತು ನಿಂತಳು. ಇನ್ನೂರ ಹನ್ನೊಂದು ಕೋಶಗಳು. ಎಷ್ಟು ಇಲಿಗಳೋ. ಅವು ಉತ್ತರ ಕೊಟ್ಟಿದ್ದವು, ಕೇಳಿಸಿಕೊಳ್ಳಲು ತಾನೇ ಇರಲಿಲ್ಲ.

ಕಣ್ಣು ತೆರೆದಾಗ ಪಕ್ಕದಲ್ಲಿ ಇಸೋಬೆ.

ಅವಳು ತಲೆ ಬಾಗಿಸಿ ಕ್ಷಮೆ ಕೇಳಿದಳು. ಪುಸ್ತಕವನ್ನು ಎರಡೂ ಕೈಯಿಂದ ಹಿಂದಿರುಗಿಸಿದಳು. ಆಮೇಲೆ ಅದೇ ಪ್ರಶ್ನೆ, ಈ ಸಲ ಮೆಲ್ಲಗೆ.

"ಯಾಕೆ ಹಾಗೆ ಮಾಡಿದ್ರಿ, ಇಸೋಬೆ-ಸಾನ್?"

ಅವನು ಬಾಯಿ ತೆರೆದ. ಮೌನ.

ಜನ ಕರಗಿದರು. ಓಯಾಬು-ಸಾನ್ ಹೂವಿನ ಬಕೆಟ್ ಎತ್ತಿಕೊಂಡು, ಇಬ್ಬರನ್ನೂ ಒಮ್ಮೆ ನೋಡಿ ಹೊರಟುಹೋದರು. ಗಿಂಕೋ ಮರದ ಹಳದಿ ಎಲೆಯೊಂದು ಕಲ್ಲಿನ ಮೇಲೆ ಬಿತ್ತು. ಚಿಹಾರು ಕದಲಲಿಲ್ಲ.

"ಕೋಶ ಹಿಡಿಯುವಾಗ ನೀವು ಉಸಿರು ಕಟ್ಟಿ ಕೂತಿರ್ತೀರಿ" ಎಂದ ಅವನು ಕೊನೆಗೆ. "ಗೋಡೆಯಾಚೆ ನಾನೂ ಹಾಗೇ ಕೂತಿರ್ತೀನಿ. ಗೀಟು ಎಳೆದಾಗೆಲ್ಲ ನೀವೊಂದು ನಿಟ್ಟುಸಿರು ಬಿಡ್ತೀರಲ್ಲ... ಅದನ್ನ ಕೇಳೋಕೆ ಆಗ್ತಿರ್ಲಿಲ್ಲ."

ಅವಳು ಅವನತ್ತ ತಿರುಗಿದಳು.

"ಬಾಗಿಲಿಗೆ ಪಟ್ಟಿ ಅಂಟಿಸಿದ್ದೂ..."

ಅವನು ತಲೆಯಾಡಿಸಿದ.

"ಏಪ್ರಿಲ್‌ನಿಂದ?"

"ಆ ಕೆಂಪು ಚೀಟಿ ದಿನದಿಂದ." ಸ್ವಲ್ಪ ತಡೆದು ಕೇಳಿದ, "ಹೇಳೋದು ತುಂಬ ತಡ ಆಯ್ತಾ?"

ಚಿಹಾರು ಕೈ ಚಾಚಿದಳು. ಅವನ ತೋಳಿನ ಮೇಲೆ ಬಿದ್ದಿದ್ದ ಇನ್ನೊಂದು ಎಲೆಯನ್ನು ತೆಗೆದಳು. ಕೈ ಅಲ್ಲೇ ಉಳಿಯಿತು.

"ಇಲ್ಲ" ಎಂದಳು. "ನಾನು ಬೇಗ ಹೊರಟುಬಿಡ್ತಿದ್ದೆ."