ನೀಲಿ ಫಿಲ್ಟರಿನ ಗುಳ್ಳೆ

“ಅಮ್ಮ, ಮತ್ತೆ ಬಂತು ನೋಡು, ಬಿಳಿ ಗೆರೆ,” ಎಂದಳು ಪಿಳಿಪಿಳಿ.

ಅಮ್ಮ ಆಗಲೇ ನೋಡಿಯಾಗಿತ್ತು. ಕೈ ಚಾಚಿ ಕೆಂಪು ಗುಂಡಿ ಒತ್ತಿದಳು. ಲಾರಿಯಷ್ಟು ಉದ್ದದ ಪ್ರಿಂಟರ್ ಉಸ್ಸೆಂದು ನಿಂತಿತು. ಅದರ ಬಾಯಿಂದ ಅರ್ಧ ಹೊರಗೆ ಬಂದಿದ್ದ ಬಟ್ಟೆಯ ಮೇಲೆ ಸಮುದ್ರವಿತ್ತು. ಸಮುದ್ರದ ತುಂಬ ಎಳೆ ಎಳೆಯಾಗಿ ಬಿಳಿ ಗೆರೆಗಳು. ಪಾಪ, ಸಮುದ್ರಕ್ಕೆ ಹುಟ್ಟುವಾಗಲೇ ತಲೆ ನರೆತುಹೋಗಿತ್ತು.

ಪಿಳಿಪಿಳಿಗೆ ಶಾಲೆಯಲ್ಲಿ ಬೇರೆ ಹೆಸರಿದೆ. ಆದರೆ ಏನು ಕಂಡರೂ ಕಣ್ಣು ಪಿಳಿಪಿಳಿ ಬಿಡುತ್ತಾ ನಿಂತುಬಿಡುತ್ತಾಳೆ ಎಂದು ಮನೆಯಲ್ಲಿ ಇಟ್ಟ ಹೆಸರು ಅಮ್ಮ ಕೆಲಸ ಮಾಡುವ ಪ್ರೆಸ್ಸಿನವರೆಗೂ ಬಂದಿತ್ತು. ಶಾಲೆ ಬಿಟ್ಟ ಮೇಲೆ ಅವಳೂ ಅಲ್ಲಿಗೇ ಬರುತ್ತಿದ್ದಳು.

ಈ ಸಮುದ್ರ ಅವಳ ಕ್ಲಾಸಿನದು. ನಾಳೆ ಬೆಳಿಗ್ಗೆ ನಾಟಕ. ಮಕ್ಕಳೆಲ್ಲ ಸೇರಿ ಬಿಡಿಸಿದ ಚಿತ್ರವನ್ನು ಸ್ಟೇಜಿನಷ್ಟು ಅಗಲದ ಪರದೆ ಮಾಡಿಸಬೇಕಿತ್ತು. “ನಮ್ಮಮ್ಮನ ಮೆಷಿನ್ ಇದೆ ಬಿಡಿ, ಮಿಸ್,” ಎಂದು ಪಿಳಿಪಿಳಿಯೇ ಮುಂದೆ ಬಿದ್ದು ಹೇಳಿದ್ದಳು. ಅಲ್ಲಿಗೂ ಸುಮ್ಮನಾಗದೆ ಪಕ್ಕದ ಸೆಕ್ಷನ್ನಿಗೂ ಹೋಗಿ ಡಂಗುರ ಹೊಡೆದು ಬಂದಿದ್ದಳು. ಪರದೆ ಬರದಿದ್ದರೆ ನಾಟಕದ ಮೀನುಗಳೆಲ್ಲ ಬರೀ ಗೋಡೆ ಮುಂದೆ ಈಜಬೇಕಾಗುತ್ತದೆ ಎಂದು ಟೀಚರ್ ನಗುತ್ತಾ ಹೇಳಿದ್ದರು. ಪಿಳಿಪಿಳಿಗೆ ನಗು ಬಂದಿರಲಿಲ್ಲ.

“ನೀಲಿ ಫಿಲ್ಟರ್ ಕಟ್ಟಿಕೊಂಡಿದೆ, ಬದಲಾಯಿಸಬೇಕು,” ಎಂದು ಅಮ್ಮ ಅಂಗಿಯ ತೋಳು ಮೇಲಕ್ಕೆ ಮಡಚಿದಳು.

ನೀಲಿಯೇ ಯಾಕೆ, ಹಳದಿ ಯಾಕಲ್ಲ? ಪ್ರಶ್ನೆ ಬಾಯಿಂದ ಜಾರಿಯೇ ಬಿಟ್ಟಿತು. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಸಮುದ್ರ ಕುಡಿಯುವುದು ನೀಲಿಯನ್ನೇ ತಾನೆ ಎಂದಳು. ಹೆಚ್ಚು ಓಡಿದ ಬಣ್ಣದ ಫಿಲ್ಟರ್ ಮೊದಲು ಕಟ್ಟಿಕೊಳ್ಳುತ್ತದೆ. ಪ್ರಿಂಟರಿನ ಹೆಡ್ಡಿನಲ್ಲಿ ಇಂಕು ಚಿಮ್ಮುವ ತೂತುಗಳಿವೆ. ಅವು ಕೂದಲಿಗಿಂತ ಸಣ್ಣ. ಇಂಕಿನಲ್ಲಿರುವ ಕಸ ಅಲ್ಲಿಗೆ ಹೋಗದಂತೆ ಫಿಲ್ಟರ್ ತಡೆಯುತ್ತದೆ. ಕಸ ತಡೆದು ತಡೆದು ಕೊನೆಗೆ ಇಂಕಿಗೇ ದಾರಿ ಬಿಡುವುದಿಲ್ಲ.

ಅಮ್ಮ ಪಂಪ್ ನಿಲ್ಲಿಸಿದಳು. ಟ್ಯೂಬುಗಳಿಗೆ ಕ್ಲಿಪ್ ಹಾಕಿ, ಕೆಳಗೆ ಟ್ರೇ ಇಟ್ಟು, ಹಳೆಯ ಫಿಲ್ಟರನ್ನು ತಿರುಗಿಸಿ ಬಿಚ್ಚಿದಳು. ಮುಷ್ಟಿ ಗಾತ್ರದ ಡಬ್ಬಿ ಅದು, ಕಡುನೀಲಿ. ಹೊಸದನ್ನು ನೋಡಿದರೆ ಹಾಲಿನಷ್ಟು ಬಿಳಿ. ನೀಲಿಗೆ ನೀಲಿ ಫಿಲ್ಟರೇ ಇರುತ್ತದೆ ಎಂದುಕೊಂಡಿದ್ದ ಪಿಳಿಪಿಳಿಗೆ ಆಶ್ಚರ್ಯವಾಯಿತು. ಹೊಸತರಲ್ಲಿ ಎಲ್ಲ ಬಣ್ಣಕ್ಕೂ ಒಂದೇ ಥರದ ಫಿಲ್ಟರಂತೆ. ಯಾವ ಇಂಕು ಕುಡಿಯುತ್ತದೋ ಆ ಬಣ್ಣ ಬರುತ್ತದಂತೆ.

ಇಂಕು ತುಂಬುವಾಗ ಫಿಲ್ಟರನ್ನು ಯಾರಾದರೂ ನೆಟ್ಟಗೆ ಹಿಡಿದಿರಬೇಕು. ದಿನಾ ಹಿಡಿಯುವ ಹೆಲ್ಪರ್ ಅಕ್ಕ ಅವತ್ತು ರಜೆ. ಅಮ್ಮ ಹೊಸ ಫಿಲ್ಟರಿಗೆ ಟ್ಯೂಬುಗಳನ್ನು ಸಿಕ್ಕಿಸಿ, ಪಿಳಿಪಿಳಿಯ ಕೈಗೆ ದೊಡ್ಡ ಗ್ಲೌಸ್ ತೊಡಿಸಿದಳು. “ಸ್ಕ್ರೂ ಇರೋ ತುದಿ ಮೇಲಕ್ಕಿರಲಿ. ಗಾಳಿ ಅಲ್ಲಿಂದ ಹೊರಗೆ ಹೋಗುತ್ತೆ. ಅಲ್ಲಾಡಿಸಬೇಡ,” ಎಂದು ಹೇಳಿ, ವಾಲ್ವ್ ತೆಗೆಯಲು ಮೆಷಿನ್ನಿನ ಹಿಂದೆ ಹೋದಳು.

ಇಂಕು ಬಂತು. ಡಬ್ಬಿಯ ಬಿಳಿ ಗೋಡೆಯ ಒಳಗಿನಿಂದ ನೀಲಿ ಮೆಲ್ಲಗೆ ಏರತೊಡಗಿತು. ಪಿಳಿಪಿಳಿ ಉಸಿರು ಬಿಗಿಹಿಡಿದು ನೋಡಿದಳು. ಅರ್ಧ ತುಂಬಿತು. ಉಳಿದರ್ಧದಲ್ಲಿ ಏನಿದೆ? ತಲೆಕೆಳಗೆ ಮಾಡಿದರೆ ನೀಲಿ ದಬದಬ ಬೀಳುತ್ತದಾ, ಇಲ್ಲ ಜೇನಿನ ಹಾಗೆ ಇಳಿಯುತ್ತದಾ? ನೋಡಲೇಬೇಕು ಎನಿಸಿತು. ತಿರುಗಿಸಿಯೇ ಬಿಟ್ಟಳು. ನೀಲಿ ಜಾರಿತು. ದೊಡ್ಡದೊಂದು ಗುಳ್ಳೆ ಬುಳಕ್ ಎಂದು ಮೇಲೆದ್ದು ಟ್ಯೂಬಿನ ಬಾಯೊಳಗೆ ನುಸುಳಿಹೋಯಿತು. ಅಮ್ಮನ ಚಪ್ಪಲಿ ಸದ್ದು ಕೇಳಿಸಿದ್ದೇ ತಡ, ಫಿಲ್ಟರ್ ಮತ್ತೆ ನೆಟ್ಟಗಾಯಿತು.

ಅಮ್ಮ ಸ್ಕ್ರೂ ಬಿಗಿದು ಪಂಪ್ ಹಾಕಿ ಟೆಸ್ಟ್ ಪ್ರಿಂಟ್ ತೆಗೆದಳು. ಹಳದಿ ಪಟ್ಟಿ ಚೆನ್ನಾಗಿ ಬಂತು. ಕೆಂಪು, ಕಪ್ಪು ಕೂಡ ಬಂದವು. ನೀಲಿ ಪಟ್ಟಿಯ ನಡುವೆ ಮಾತ್ರ ಅಂಗೈ ಅಗಲ ಬಣ್ಣವೇ ಇರಲಿಲ್ಲ. ಮೊದಲು ಇದ್ದದ್ದು ಗೆರೆ, ಈಗ ಬಯಲು. ಅಮ್ಮ ಇನ್ನೊಮ್ಮೆ ತೆಗೆದಳು. ಹಾಗೇ ಇತ್ತು.

ಮೆಷಿನ್ ರಿಪೇರಿ ನೋಡಿಕೊಳ್ಳುವ ಸ್ಪ್ಯಾನರ್ ಮಾವನನ್ನು ಕರೆಸಿದ್ದಾಯಿತು. ಪ್ರೆಸ್ಸಿನಲ್ಲಿ ಅವರೇ ಹಿರಿಯರು. ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ, “ಹೊಸ ಫಿಲ್ಟರ್ ಹಾಕಿಯೂ ಹೀಗೆ ಅಂದ್ರೆ ಹೆಡ್ಡೇ ಕೈಕೊಟ್ಟಿರಬೇಕಮ್ಮ. ಬಿಚ್ಚಬೇಕು,” ಎಂದರು. ಬಿಚ್ಚಿದರೆ ಇವತ್ತಂತೂ ಜೋಡಿಸಲಾಗುವುದಿಲ್ಲ, ಬಿಚ್ಚುವಾಗ ಏನಾದರೂ ಆದರೆ ಹೆಡ್ ಹೋದ ಹಾಗೇ ಎಂದೂ ಹೇಳಿದರು.

“ಗಾಳಿ ಸೇರಿರಬಹುದಾ ಅಣ್ಣ?” ಎಂದಳು ಅಮ್ಮ.

“ನೆಟ್ಟಗೆ ಹಿಡಿದಿದ್ರೆ ಗಾಳಿ ಎಲ್ಲಿಂದ ಬರುತ್ತೆ?”

“ಹಿಡಿದಿದ್ದು ನನ್ನ ಮಗಳು. ನೆಟ್ಟಗೇ ಹಿಡಿದಿದ್ಲು,” ಎಂದಳು ಅಮ್ಮ. ಅವಳನ್ನು ಒಂದು ಮಾತು ಕೇಳಲೂ ಇಲ್ಲ.

ಪಿಳಿಪಿಳಿ ತನ್ನ ಗ್ಲೌಸನ್ನೇ ನೋಡಿಕೊಂಡಳು. ಕೇಳಿದ್ದರೆ ಏನೋ ಒಂದು ಹೇಳಿಬಿಡಬಹುದಿತ್ತು. ಕೇಳದೆಯೇ ನಂಬಿದರೆ ಏನು ಮಾಡುವುದು? ಮಾವ ಚೀಲದಿಂದ ಸ್ಪ್ಯಾನರ್ ತೆಗೆದರು. ಹೆಡ್ಡಿನ ಮೊದಲ ಬೋಲ್ಟಿಗೆ ಹಾಕಿದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಏನೂ ತಪ್ಪು ಮಾಡದ ಹೆಡ್ಡನ್ನು ಬಿಚ್ಚುತ್ತಾರಲ್ಲ!

“ಅಮ್ಮ, ನಾನು ಫಿಲ್ಟರನ್ನ ತಲೆಕೆಳಗೆ ಮಾಡಿದ್ದೆ,” ಎಂದುಬಿಟ್ಟಳು ಪಿಳಿಪಿಳಿ.

ಮಾವನ ಕೈ ನಿಂತಿತು. ಅಮ್ಮ ತಿರುಗಿದಳು.

“ಯಾವಾಗ? ನಾನು ವಾಲ್ವ್ ತೆಗೆಯೋ ಮುಂಚೆಯೋ, ಆಮೇಲೋ?”

“ಆಮೇಲೆ. ಅರ್ಧ ತುಂಬಿತ್ತು.”

“ಓರೆ ಮಾಡಿದೆಯಾ, ಪೂರ್ತಿ ತಿರುಗಿಸಿದೆಯಾ?”

“ಪೂರ್ತಿ. ಹೇಗೆ ಇಳಿಯುತ್ತೆ ಅಂತ ನೋಡೋಕೆ. ಆಗ ಒಂದು ದೊಡ್ಡ ಗುಳ್ಳೆ ಟ್ಯೂಬಿನೊಳಗೆ ಹೋಯ್ತು.”

“ಯಾವ ಟ್ಯೂಬ್?”

ಪಿಳಿಪಿಳಿ ಬೆರಳು ತೋರಿಸಿದಳು. ಪ್ರಶ್ನೆಗಳು ಮುಗಿದ ಮೇಲೆ ಬೈಗುಳ ಶುರುವಾಗುತ್ತದೆ ಎಂದು ತಲೆ ತಗ್ಗಿಸಿ ಕಾದಳು. ಮನೆಯಲ್ಲಿ ಲೋಟ ಒಡೆದಾಗ ಹಾಗೇ ಆಗುವುದು. ಆದರೆ ಅಮ್ಮ ಮಾವನ ಕಡೆ ನೋಡಿ, “ಗಾಳಿನೇ ಅಣ್ಣ. ಹೆಡ್ಡಿನ ತನಕ ಹೋಗಿದೆ. ಬಿಚ್ಚೋದು ಬೇಡ, ಇಂಕು ಇಳಿಸಿ, ಗಾಳಿ ತೆಗೆದು ಮತ್ತೆ ತುಂಬಿಸಿದ್ರೆ ಸಾಕು,” ಎಂದಳು. ಮಾವ ಸ್ಪ್ಯಾನರನ್ನು ಚೀಲಕ್ಕೆ ಹಾಕಿ, “ಸದ್ಯ, ಬದುಕಿದೆ. ಗುಳ್ಳೆ ಹೋದ ದಾರಿಯನ್ನೂ ನೋಡಿಟ್ಟಿದ್ದಾಳೆ ನಿನ್ನ ಮಗಳು,” ಎಂದು ಹಣೆ ಒರೆಸಿಕೊಂಡರು.

ಪಿಳಿಪಿಳಿ ಮೆಲ್ಲಗೆ ತಲೆ ಎತ್ತಿದಳು. ಅಮ್ಮ ಕೇಳಿದ್ದು ಬೈಯುವುದಕ್ಕಲ್ಲ. ಅಮ್ಮನಿಗೂ ನಿಜವಾಗಿ ತಿಳಿಯಬೇಕಿತ್ತು, ತನಗೆ ತಿಳಿಯಬೇಕೆನಿಸುತ್ತದಲ್ಲ, ಹಾಗೆಯೇ.

ಅಮ್ಮ ಮತ್ತೆ ಪಂಪ್ ನಿಲ್ಲಿಸಿದಳು, ಮತ್ತೆ ಕ್ಲಿಪ್ ಹಾಕಿದಳು. ಮಾವ ತಾವೇ ಹಿಡಿಯುತ್ತೇನೆ ಎಂದು ಕೈ ಚಾಚಿದರು. ಪಿಳಿಪಿಳಿ ಬೇಗ ಬೇಗ ಪಕ್ಕಕ್ಕೆ ಸರಿದಳು. ಇನ್ನು ಈ ಜನ್ಮದಲ್ಲಿ ಫಿಲ್ಟರ್ ತನ್ನ ಕೈಗೆ ಬರುವುದಿಲ್ಲ ಎಂದುಕೊಂಡು ಗ್ಲೌಸ್ ಬಿಚ್ಚತೊಡಗಿದಳು.

“ಗ್ಲೌಸ್ ಯಾಕೆ ತೆಗೀತಿದ್ದೀಯ? ಹಿಡ್ಕೋ,” ಎಂದು ಅಮ್ಮ ಫಿಲ್ಟರನ್ನು ಅವಳ ಕೈಯಲ್ಲೇ ಇಟ್ಟಳು.

ಸ್ಕ್ರೂ ಇರುವ ತುದಿ ಮೇಲಕ್ಕಿತ್ತು. ಪಿಳಿಪಿಳಿಯ ಮೂಗಿನ ತುದಿ ತುರಿಸಿತು. ತುರಿಸಲಿ ಎಂದು ಬಿಟ್ಟಳು. ನೀಲಿ ಏರಿತು. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಸ್ಕ್ರೂವಿನ ಸಂದಿಯಲ್ಲಿ ಸಣ್ಣಗೆ ಸಿಡಿದು ಮಾಯವಾದವು.

ಅಮ್ಮ ಮೆಷಿನ್ನಿನ ಹಿಂದೆ ವಾಲ್ವಿನ ಹತ್ತಿರ ಇದ್ದಳು. ಅಲ್ಲಿಂದ ಇವಳು ಕಾಣಿಸುವುದಿಲ್ಲ. ಇಣುಕಿ ನೋಡುತ್ತಾಳೇನೋ ಎಂದು ಪಿಳಿಪಿಳಿ ಸ್ವಲ್ಪ ಹೊತ್ತು ಕಾದಳು. ಅಮ್ಮ ಇಣುಕಲಿಲ್ಲ.

“ಎಲ್ಲಿಗೆ ಬಂತು?” ಎಂದು ಅಲ್ಲಿಂದಲೇ ಕೇಳಿದಳು.

ಪಿಳಿಪಿಳಿ ನೋಡಿ, ಇನ್ನೊಮ್ಮೆ ಚೆನ್ನಾಗಿ ನೋಡಿ ಹೇಳಿದಳು: “ಇನ್ನೂ ಒಂದು ಗುಳ್ಳೆ ಇದೆಯಮ್ಮ. ತಾಳು.”

ಅಮ್ಮ ತಾಳಿದಳು.